ಬೀಗರ ಕಣ್ಣು, ಬೀರಿನ ಪೆಟ್ಟಿಗೆ

ನನ್ನ ದೊಡ್ಡ ಮಗ ಬಾಯಿ ಬಿಟ್ಟು ಕೆಟ್ಟವನು. ಅವನ ಅಪ್ಪನೂ ಹಾಗೆಯೇ ಇದ್ದರು. ಆದರೆ ಬಾಯಿ ಬಿಡುವ ಮೊದಲು ಒಂದು ಸಲ ನನ್ನ ಮುಖ ನೋಡುವ ಅಭ್ಯಾಸ ಅವರಿಗಿತ್ತು. ಮಗನಿಗೆ ಅದೂ ಇಲ್ಲ.

ಮೊಮ್ಮಗನ ಮದುವೆ ಹೊಸಕೋಟೆ ಕಡೆಯ ಹುಡುಗಿಯ ಜೊತೆ ಆಯಿತು. ಹುಡುಗಿಯ ಅಪ್ಪನ ಊರು ಅನುಗೊಂಡನಹಳ್ಳಿಯ ಹತ್ತಿರ. ಒಳ್ಳೆಯ ಮನುಷ್ಯರೇ, ಆದರೆ ನಾಲಿಗೆಗೆ ಹಸಿಮೆಣಸಿನಕಾಯಿ ಉಜ್ಜಿಕೊಂಡು ಹುಟ್ಟಿದವರು. ಧಾರೆ ಮುಗಿದು ಊಟದ ಎಲೆಗೆ ಕಾಯುತ್ತಿದ್ದಾಗ ಛತ್ರದ ಬಾಗಿಲಲ್ಲಿ ಎಲ್ಲರ ಎದುರು ನನ್ನ ಮಗನನ್ನು ಕೆಣಕಿದರು.

"ಏನ್ ಬೀಗ್ರೆ, ನಿಮ್ ಕಡೆ ಬೀಗ್ರೂಟ ಜೋರಂತೆ. ಕೋಳಿ ಚೆನ್ನಾಗಿರ್ತದಂತೆ. ಬೀರು ಮಾತ್ರ ಊದ್ಕೊಂಡು ಕುಡೀಬೇಕಂತೆ?"

ಸುತ್ತ ಇದ್ದವರೆಲ್ಲ ನಕ್ಕರು. ಮಾತು ಸುಳ್ಳಲ್ಲ. ಹೋದ ಬೇಸಿಗೆಯಲ್ಲಿ ನಮ್ಮೂರಿನ ಒಂದು ಔತಣಕ್ಕೆ ಐಸು ಬರಲೇ ಇಲ್ಲ, ಬಿಸಿಲಲ್ಲಿ ಬೆಂದ ಬೀರನ್ನೇ ನೆಂಟರಿಗೆ ಕೊಟ್ಟಿದ್ದರು. ಆ ಸುದ್ದಿ ತ್ಯಾಮಗೊಂಡ್ಲು ದಾಟಿ, ನೆಲಮಂಗಲ ದಾಟಿ, ಬೆಂಗಳೂರನ್ನೂ ದಾಟಿ ಹೊಸಕೋಟೆ ಮುಟ್ಟಿದೆ ಎಂದು ನಮಗೆ ಆಗಲೇ ಗೊತ್ತಾದದ್ದು.

ಮದುವೆಯಾದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕುವುದು ನಮ್ಮಲ್ಲಿ ನಡೆದು ಬಂದದ್ದು. ಮದುವೆಯ ದಿನದ ಪಾಯಸ, ಕೋಸಂಬರಿ ಯಾರಿಗೂ ನೆನಪಿರುವುದಿಲ್ಲ. ಬೀಗರೂಟದಲ್ಲಿ ಉಪ್ಪು ಒಂದು ಚಿಟಿಕೆ ಕಮ್ಮಿಯಾದರೆ ಹುಟ್ಟುವ ಮಕ್ಕಳ ನಾಮಕರಣದಲ್ಲೂ ಅದೇ ಮಾತು. ಹಾಗಿರುವಾಗ ನನ್ನ ಮಗ ಸುಮ್ಮನೆ ನಕ್ಕು ಬಿಡಬಹುದಿತ್ತು. ಬಿಡಲಿಲ್ಲ.

"ನಮ್ಮನೇಲಿ ಬಾಟ್ಲಿನೇ ಇರಲ್ಲ ಬೀಗ್ರೆ. ನಲ್ಲಿ ತಿರುಗ್ಸಿದ್ರೆ ಬೀರು ಬರ್ತದೆ. ಲೋಟ ಹಿಡ್ಕೊಂಡ ಕೈ ಮರಗಟ್ಬೇಕು, ಅಷ್ಟು ತಣ್ಣಗೆ. ಬರ್ದೇ ಹೋದ್ರೆ ಈ ಮೀಸೆ ಬೋಳಿಸ್ಕೊಂಡು ನಿಮ್ಮೂರ್ ಬೀದೀಲಿ ಓಡಾಡ್ತೀನಿ."

ಅವನ ಮೀಸೆಯ ವಿಚಾರ ಹೇಳಬೇಕು. ತಲೆಯ ಮೇಲೆ ಕೂದಲು ಹೋಗಿ ಬಹಳ ಕಾಲವಾಯಿತು. ಮುಖದಲ್ಲಿ ನೋಡುವಂಥದ್ದು ಅಂತ ಉಳಿದಿರುವುದು ಆ ಮೀಸೆ ಒಂದೇ. ಅದನ್ನೂ ತೆಗೆದರೆ ಮೊಟ್ಟೆಗೆ ಶರ್ಟು ಹಾಕಿದ ಹಾಗೆ ಕಾಣುತ್ತಾನೆ. ಹೆತ್ತವಳು ನಾನೇ ಹೇಳುತ್ತಿದ್ದೇನೆ.

ಮದುವೆಯಾಗಿ ಒಂದು ವಾರವೂ ಕಳೆದಿರಲಿಲ್ಲ, ಗೂಡ್ಸ್ ಆಟೋದಲ್ಲಿ ಒಂದು ಕಪ್ಪು ಪೆಟ್ಟಿಗೆ ಬಂದು ಇಳಿಯಿತು. ದೇವನಹಳ್ಳಿಯ ಕಡೆ ವಿಮಾನ ನಿಲ್ದಾಣದ ಹತ್ತಿರ ಗೇಟು ಹಾಕಿದ ವಿಲ್ಲಾಗಳಿವೆಯಲ್ಲ, ಅಲ್ಲಿ ಒಬ್ಬ ಮನೆ ಖಾಲಿ ಮಾಡುತ್ತಿದ್ದನಂತೆ. ಮಗ ಫೋನಿನಲ್ಲಿ ಚಿತ್ರ ನೋಡಿ, ಮಾತಾಡಿ ತಂದುಬಿಟ್ಟಿದ್ದ. ನನ್ನ ಸೊಂಟದೆತ್ತರದ ಫ್ರಿಜ್ಜು. ನೆತ್ತಿಯ ಮೇಲೆ ಹೊಳೆಯುವ ಒಂದು ಕಂಬ, ಕಂಬಕ್ಕೊಂದು ನಲ್ಲಿ. ಒಳಗೆ ಬೀರು ತುಂಬಿದ ಉಕ್ಕಿನ ಪೀಪಾಯಿ ಇಟ್ಟು, ಬೆನ್ನಿಗೆ ಗ್ಯಾಸಿನ ಸಣ್ಣ ಸಿಲಿಂಡರು ಸೇರಿಸಿದರೆ, ಗ್ಯಾಸು ಬೀರನ್ನು ನಲ್ಲಿಗೆ ತಳ್ಳುತ್ತದೆ. ಇಷ್ಟೇ ಅದರ ಕಥೆ.

"ಲೋ, ಇದನ್ನ ಅವ್ನು ಯಾಕೋ ಮಾರ್ದ?" ಅಂದೆ.

"ದುಬೈಗೆ ಹೋಗ್ತಾನಂತೆ ಕಣಮ್ಮ. ಹೊಸಾದ್ರಂಗಿದೆ ನೋಡು."

"ಹಾಲು ಕೊಡೋ ಹಸೂನ ಯಾರೂ ಸಂತೆಗೆ ಹೊಡ್ಯಲ್ಲ ಕಣೋ."

"ನಿಂಗ್ ಇದೆಲ್ಲ ಗೊತ್ತಾಗಲ್ಲ ಬಿಡು."

ನಾನು ಓದಿದ್ದು ಮೂರನೇ ಕ್ಲಾಸು. ಗೊತ್ತಾಗುವುದಿಲ್ಲ ಅಂದರೆ ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಗೊತ್ತಿತ್ತು. ಕಂಡವರ ಮನೆಯಲ್ಲಿ ಬಾಳಿ ಬಂದ ಸಾಮಾನಿನ ಜೊತೆ ಅವರ ಕಣ್ಣೂ ಬರುತ್ತದೆ. ಮೇಲಾಗಿ ಇದರ ಮೇಲೆ ಬೀಗರ ಕಣ್ಣು ಬೇರೆ ಬೀಳುವುದಿತ್ತು. ಅದಕ್ಕೇ ಸೊಸೆಗೆ ಹೇಳಿ ದೃಷ್ಟಿ ಕಟ್ಟಿಸಿದೆ. ಕಪ್ಪು ಉಣ್ಣೆಯ ದಪ್ಪ ಹುರಿ, ಕರಿಬಟ್ಟೆಯಲ್ಲಿ ಸುತ್ತಿದ ಪಟಿಕದ ಕಲ್ಲು, ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ. ಪೆಟ್ಟಿಗೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ಸೊಸೆ ಜಾಣೆ. ಹುರಿಯ ತುದಿಗೆ ದಪ್ಪನೆಯ ಗಂಟು ಹಾಕಿ, ಗಂಟನ್ನು ಒಳಗಿಟ್ಟು ಬಾಗಿಲು ಮುಚ್ಚಿದಳು. ಪಟಿಕ, ನಿಂಬೆಹಣ್ಣು ಹೊರಗೆ ಜೋತುಬಿದ್ದವು. ನೋಡಲು ಲಕ್ಷಣವಾಗಿತ್ತು.

ಇಡುವ ಜಾಗದ್ದೇ ಒಂದು ರಾಮಾಯಣ. ಕರೆಂಟಿನ ಸಾಮಾನು ಅಗ್ನಿಮೂಲೆಯಲ್ಲಿರಬೇಕು ಎಂದು ಸೊಸೆಯ ಹಟ. ನಮ್ಮ ಮನೆಯ ಅಗ್ನಿಮೂಲೆಯಲ್ಲಿ ಇರುವುದು ಬಚ್ಚಲ ಹಂಡೆ ಮತ್ತು ಅದರ ಸೌದೆ ಒಲೆ. ತಣ್ಣಗೆ ಮಾಡುವ ಮಿಷನ್ನನ್ನು ಒಲೆಯ ಪಕ್ಕ, ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿದರು. ಸ್ವಿಚ್ಚು ಹಾಕಿದ ಕೂಡಲೇ ಅದು ಗಂಟಲಲ್ಲಿ ಕಫ ಕಟ್ಟಿದವರ ಹಾಗೆ ಸದ್ದು ಮಾಡಿತು. ಸಾಯಂಕಾಲದವರೆಗೆ ಓಡಿಸಿ, ಒಳಗಿಟ್ಟಿದ್ದ ನೀರಿನ ಬಾಟಲಿ ಮುಟ್ಟಿ ನೋಡಿದರೆ ಸ್ನಾನಕ್ಕೆ ಹದವಾಗಿತ್ತು.

ನೆಲಮಂಗಲದಿಂದ ಫ್ರಿಜ್ಜು ರಿಪೇರಿಯವನು ಬಂದ. ಒಲೆ ನೋಡಿದ, ಪೆಟ್ಟಿಗೆ ನೋಡಿದ, ಆಮೇಲೆ ನಮ್ಮನ್ನು ನೋಡಿದ.

"ಆಟೋದಲ್ಲಿ ಮಲಗ್ಸ್ಕೊಂಡು ತಂದ್ರಾ ಸರ್?"

"ನಿಲ್ಸಿದ್ರೆ ಬೀಳ್ತಿತ್ತು," ಅಂದ ಮಗ.

"ಮಲಗ್ಸಿ ತಂದ್ ತಕ್ಷಣ ಆನ್ ಮಾಡ್ಬಾರ್ದು. ಒಳಗಿನ್ ಆಯಿಲ್ ಇಳಿಯೋಕ್ ಬಿಡ್ಬೇಕು. ಆಮೇಲೆ ಇದರ ಬೆನ್ನಿಂದ ಶಾಖ ಹೊರಗ್ ಹೋಗ್ಬೇಕು. ನೀವ್ ಬೆನ್ನಿಗ್ ಗೋಡೆ ಕೊಟ್ಟು, ಪಕ್ಕಕ್ ಬೆಂಕಿ ಇಟ್ಟಿದೀರ."

"ಅಗ್ನಿಮೂಲೆ ಅಲ್ವೇನಪ್ಪಾ," ಅಂದಳು ಸೊಸೆ.

"ಅಕ್ಕಾ, ಅಗ್ನಿ ಇರೋ ಕಡೆ ಐಸ್ ಆಗಲ್ಲ."

ಪೆಟ್ಟಿಗೆ ಹಜಾರಕ್ಕೆ ಬಂತು. ಹಿಂದಿನ ಜಾಲರಿ ಬಿಚ್ಚಿದರೆ ಒಳಗೆಲ್ಲ ನಾಯಿಯ ಕೂದಲು. ವಿಲ್ಲಾದವನು ನಾಯಿ ಸಾಕಿದ್ದನಂತೆ. ಇನ್ನೊಂದು ನಾಯಿ ಮಾಡುವಷ್ಟು ಕೂದಲನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಾನೇ ಕೆರೆದು ತೆಗೆದೆ. ಕರೆಂಟು ಏರಿಳಿಯುತ್ತದೆ ಎಂದು ಸ್ಟೆಬಿಲೈಸರು ಬಂತು. ತಂಪಿನ ಗುಂಡಿಯನ್ನು ಮಗ ಒಂದನೇ ನಂಬರಿನಲ್ಲಿ ಇಟ್ಟಿದ್ದ. ಒಂದನೇ ನಂಬರು ಅಂದರೆ ಎಲ್ಲಕ್ಕಿಂತ ಮೇಲು ಎಂದು ತಿಳಿದಿದ್ದನಂತೆ. ಕೊನೆಗೆ ರಿಪೇರಿಯವನು ಬಾಗಿಲ ಅಂಚಿನ ರಬ್ಬರು ಒತ್ತಿ ನೋಡಿ, "ಗಾಳಿ ಎಲ್ಲೋ ಹೋಗ್ತಿದೆ, ಇದು ಸೆಟೆದ್ಕೊಂಡಿದೆ," ಎಂದು ಹೊಸ ರಬ್ಬರು ಹಾಕಿದ. ಹಾಕುವಾಗ ದೃಷ್ಟಿಯ ಹುರಿಯನ್ನು ಬಿಚ್ಚಿ, ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟಿದ್ದ. ಭಕ್ತಿಯಿದ್ದ ಹುಡುಗ.

ಅವನು ಕಾಫಿ ಕುಡಿದು, ಪರೀಕ್ಷೆ ಮಾಡುತ್ತಾ ಮಧ್ಯಾಹ್ನದ ಊಟಕ್ಕೂ ಉಳಿದ. ಅಷ್ಟರಲ್ಲಿ ಬಾಟಲಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿತ್ತು. ಮಗ ಮೀಸೆ ಮುಟ್ಟಿ ನೋಡಿಕೊಂಡ. ರಿಪೇರಿಯವನು ಹೊರಟ. ಮನೆಗೆ ಹೊಸದಾಗಿ ಬಂದ ಮೊಮ್ಮಗನ ಹೆಂಡತಿ ಅತ್ತೆ ಹೇಳಿದ ಹಾಗೆ ಹುರಿಯನ್ನು ಮತ್ತೆ ಗಂಟು ಒಳಗಿಟ್ಟು ಕಟ್ಟಿದಳು. ಮಾರನೆಯ ದಿನ ನೀರು ಮತ್ತೆ ಬೆಚ್ಚಗೆ.

ಅವನನ್ನು ಮತ್ತೆ ಕರೆಸಿದೆವು. ಬಂದ, ಹುರಿ ಬಿಚ್ಚಿದ, ಕಣ್ಣಿಗೊತ್ತಿಕೊಂಡ, ಅದನ್ನೂ ಇದನ್ನೂ ಮುಟ್ಟಿ ನೋಡಿದ. ತಣ್ಣಗಾಯಿತು. ಹೋದ, ಬೆಚ್ಚಗಾಯಿತು.

"ಅವ್ನ ಕೈಗುಣ ಅತ್ತೆ," ಅಂದಳು ಸೊಸೆ. "ಬೀಗ್ರೂಟ ಮುಗಿಯೋ ತಂಕ ಅವ್ನನ್ನ ಮನೇಲೇ ಇಟ್ಕೊಳಾಣ."

"ಕಟ್ ಹಾಕಾಣ ಬಿಡೇ, ಕೊಟ್ಟಿಗೇಲಿ ಜಾಗ ಐತೆ," ಅಂದೆ.

ಇತ್ತ ಮಗನಿಗೆ ಹೊಸ ರೋಗ ಶುರುವಾಯಿತು. ಗಳಿಗೆಗೊಮ್ಮೆ ಬಾಗಿಲು ತೆಗೆದು ಒಳಗೆ ಕೈ ಆಡಿಸುವುದು. ಚೊಚ್ಚಲ ಹೆರಿಗೆಗೆ ಕಾಯುವ ಗಂಡಸಿನ ಹಾಗೆ ಅದರ ಮುಂದೆಯೇ ಶತಪಥ. ಒಂದು ದಿನ ಕೂಗಿಕೊಂಡ: "ಅಮ್ಮಾ, ಬಂದ್ ನೋಡು, ಐಸ್ ಕಟ್ಟೈತೆ!" ಹೋಗಿ ನೋಡಿದೆ. ಒಳಗೆ ಹಿಂಬದಿಯ ತಗಡಿನ ಮೇಲೆ ಬೆಳ್ಳಗೆ ಮಂಜುಗಡ್ಡೆ ದಪ್ಪನಾಗಿ ಕೂತಿತ್ತು. ಐಸು ಇದೆ ಅಂದಮೇಲೆ ತಂಪೂ ಬರುತ್ತದೆ ಎಂದು ಮನೆಯವರೆಲ್ಲ ಸಂತೋಷಪಟ್ಟೆವು. ಮೊಮ್ಮಗನನ್ನು ಕೇಳಬಹುದಿತ್ತು, ಅವನು ಐಟಿಐ ಓದಿದವನು. ಆದರೆ ಹೊಸ ಹೆಂಡತಿಯ ಮುಖ ನೋಡುವುದು ಬಿಟ್ಟು ಬೇರೆ ಯಾವ ಕೆಲಸಕ್ಕೂ ಆಗ ಅವನು ಬರುತ್ತಿರಲಿಲ್ಲ.

ಬೀಗರೂಟದ ಹಿಂದಿನ ದಿನ ಪೀಪಾಯಿ ಬಂತು. ಅದಕ್ಕೆ ಮಗ ಒಂದು ದಿನದ ಲೈಸನ್ಸೂ ಮಾಡಿಸಿದ್ದ. ಪೀಪಾಯಿ ಒಳಗಿಟ್ಟು, ಹುರಿಯನ್ನು ಗಟ್ಟಿಯಾಗಿ ಕಟ್ಟಿ, ಊದುಬತ್ತಿ ಬೆಳಗಿ ಮಲಗಿದೆವು.

ಬೆಳಗ್ಗೆ ಮಗ ನನ್ನೊಬ್ಬಳನ್ನೇ ಕರೆದು ನಲ್ಲಿ ತಿರುಗಿಸಿದ. ಲೋಟದ ತುಂಬ ನೊರೆ. ಹಸು ಕರೆದಾಗಲೂ ಅಷ್ಟು ನೊರೆ ಬರುವುದಿಲ್ಲ. ನೊರೆ ಇಳಿದ ಮೇಲೆ ತಳದಲ್ಲಿ ಒಂದು ಗುಟುಕು ಉಳಿಯಿತು. ರುಚಿ ನೋಡಿದೆ. ಜ್ವರಕ್ಕೆ ಕುಡಿಸುವ ಕಷಾಯದಷ್ಟೇ ಕಹಿ, ಅದರಷ್ಟೇ ಬೆಚ್ಚಗೆ.

"ಐಸ್ ತರ್ಸಿ ಲೋಟಕ್ ಹಾಕೋ," ಅಂದೆ.

"ಲೋಟಕ್ ಐಸ್ ಹಾಕಿದ್ರೆ ಮಿಷನ್ ಸೋತಂಗೆ ಅಲ್ವೇನಮ್ಮ? ಬೀಗ್ರು ಬಿಡ್ತಾರಾ?" ಮುಖ ಸುಣ್ಣ ಬಳಿದ ಹಾಗಾಗಿತ್ತು. ಕೈ ಮಾತ್ರ ಮೀಸೆಯ ಮೇಲೆ.

ಹೊತ್ತೇರುವಷ್ಟರಲ್ಲಿ ಬೀಗರು ಬಸ್ಸು ಮಾಡಿಕೊಂಡು ಬಂದಿಳಿದರು. ಹಿತ್ತಲಲ್ಲಿ ಅಡುಗೆಯವರು ಮುದ್ದೆಗೆ ಎಸರಿಟ್ಟಿದ್ದರು, ನಾಟಿಕೋಳಿ ಸಾರಿನ ವಾಸನೆ ಬೀದಿಯ ತುದಿಗೆ ಹೋಗಿತ್ತು. ಯಾರೂ ಅದರ ಕಡೆ ತಿರುಗಲಿಲ್ಲ. ಕಾಲು ತೊಳೆದವರೇ ನೇರವಾಗಿ ಹಜಾರಕ್ಕೆ ನುಗ್ಗಿ, ಪೆಟ್ಟಿಗೆಯ ಸುತ್ತ ನೆರೆದರು. ದೊಂಬರಾಟಕ್ಕೆ ಸೇರಿದ ಹಾಗೆ.

"ತಿರುಗ್ಸಿ ಬೀಗ್ರೆ ನಲ್ಲಿ," ಅಂದರು ಬೀಗರು.

ಮಗ ತಿರುಗಿಸಿದ. ಬುಸ್ಸೆಂದು ನೊರೆ ಬಂತು. ಬೀಗರು ಲೋಟ ಈಸಿಕೊಂಡು, ಬೆಳಕಿಗೆ ಹಿಡಿದು, ಒಂದು ಬೆರಳು ಅದ್ದಿ ನೋಡಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು.

"ಶೇವಿಂಗ್ ಕ್ರೀಮು ಕೊಟ್ರಿ, ಸಂತೋಷ. ಬ್ಲೇಡೂ ಕೊಟ್ಬಿಡಿ ಬೀಗ್ರೆ, ಕೆಲ್ಸ ಮುಗಿಸ್ಬುಡಾಣ."

ಹೊಸಕೋಟೆಯ ಬಸ್ಸಿಗೆ ಬಸ್ಸೇ ನಕ್ಕಿತು. ನಮ್ಮವರೂ ಕೆಲವರು ನಕ್ಕರು. ಅವರ ಮುಖಗಳನ್ನು ನೋಡಿಟ್ಟುಕೊಂಡಿದ್ದೇನೆ. ಮಗ ನಲ್ಲಿ ಹಿಡಿದುಕೊಂಡೇ ನಿಂತಿದ್ದ. ಐವತ್ತು ದಾಟಿದ ಗಂಡಸು, ಕ್ಲಾಸಿನಲ್ಲಿ ಏಟು ತಿಂದು ನಿಂತ ಹುಡುಗನ ಹಾಗೆ ಕಂಡ. ನನಗೆ ಅದನ್ನು ಸಹಿಸಲಾಗಲಿಲ್ಲ. ಅವನನ್ನು ಬೈಯುವುದಿದ್ದರೆ ನಾನು ಬೈಯಬೇಕು.

"ಬೆಳಗ್ಗೆ ಚೆನ್ನಾಗೇ ಬರ್ತಿತ್ತು ಬೀಗ್ರೆ," ಅಂದೆ. "ನಾನೇ ಕುಡ್ದೆ, ಹಲ್ಲು ಕಟಕಟ ಅಂತು. ಈಗ ನೀವ್ ಬಂದ್ ನೋಡಿದ್ರಿ ನೋಡಿ, ನೊರೆ ಆಯ್ತು."

ನಗು ಅಲ್ಲೇ ನಿಂತಿತು. ಹೇಳಿದ್ದು ಹಸಿ ಸುಳ್ಳು. ಆದರೆ ಕಣ್ಣಿನ ಮಾತು ಬಂದರೆ ನಮ್ಮ ಕಡೆ ಯಾರೂ ಸಾಕ್ಷಿ ಕೇಳುವುದಿಲ್ಲ. ಅಷ್ಟರಲ್ಲಿ ಬೀಗರ ಹೆಂಡತಿ, ಪುಣ್ಯಾತಗಿತ್ತಿ, ಕೇಳದೆಯೇ ಸಾಕ್ಷಿ ಹೇಳಿದರು.

"ಇವ್ರ ಕಣ್ಣೇ ಅಂಥಾದ್ದು ಅಮ್ಮ! ನಮ್ ತಮ್ಮನ ಹೊಸ ಟ್ರ್ಯಾಕ್ಟ್ರು ನೋಡಿ ಭಲೇ ಅಂದ್ರು. ಸಾಯಂಕಾಲಕ್ಕೆ ಟೈರು ಒಡೀತು."

"ಲೇ, ಸುಮ್ನಿರೇ," ಅಂದರು ಬೀಗರು.

"ಸೀಮೆಹಸು ನೋಡಿ ಎಷ್ಟ್ ಹಾಲು ಅಂದ್ರು. ಮಾರ್ನೇ ದಿನ ಒದೀತು."

ಬೀಗರು ಹಿಂದಿರುಗಿ ನೋಡಿದರು. ಅವರ ಕಡೆಯವರೇ ಒಂದೊಂದು ಹೆಜ್ಜೆ ಹಿಂದೆ ಸರಿದಿದ್ದರು. ಒಬ್ಬಳು ತನ್ನ ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು. ಮಿಷನ್ನು ಕೆಟ್ಟರೆ ಇನ್ನು ಹೋಗುವುದು ನನ್ನ ಮಗನ ಮೀಸೆ ಒಂದೇ ಅಲ್ಲ, ತಾನು ಹೋದ ಕಡೆಯೆಲ್ಲ ಜನ ತಟ್ಟೆ ಮುಚ್ಚಿಕೊಂಡು ಉಣ್ಣುತ್ತಾರೆ ಎಂದು ಆ ಮನುಷ್ಯನಿಗೆ ಹೊಳೆಯಿತು. ಲೋಟ ಕೆಳಗಿಟ್ಟರು. ಬಿಳಿ ಶರ್ಟಿನ ತೋಳು ಮಡಿಸಿ, ಪಂಚೆ ಎತ್ತಿ ಕಟ್ಟಿ, ಪೆಟ್ಟಿಗೆಯ ಮುಂದೆ ಮಂಡಿಯೂರಿದರು.

"ಕಣ್ಣೂ ಇಲ್ಲ ಮೂಗೂ ಇಲ್ಲ. ಏನಾಗೈತೆ ಅಂತ ನೋಡೇಬುಡ್ತೀನಿ."

ಬಾಗಿಲ ಅಂಚಿನ ಸುತ್ತ ಅಂಗೈ ಹಿಡಿದುಕೊಂಡು ಬಂದರು. ಮೇಲ್ತುದಿಗೆ ಬಂದಾಗ ಕೈ ನಿಂತಿತು. "ಇಲ್ ಬನ್ನಿ ಬೀಗ್ರೆ, ಕೈ ಇಡಿ. ತಣ್ಣನ್ ಗಾಳಿ ಆಚೆ ಬರ್ತೈತೆ." ಮಗ ಬಗ್ಗಿ ಕೈ ಇಟ್ಟ. ಹೌದು ಅಂದ. ಬೀಗರು ಬಾಗಿಲು ತೆರೆದರು. ಪಟಿಕ, ನಿಂಬೆಹಣ್ಣು, ಮೆಣಸಿನಕಾಯಿ ಎಲ್ಲ ದೊಪ್ಪನೆ ಅವರ ತೊಡೆಯ ಮೇಲೆ ಬಿದ್ದವು. ಹೊಸ ರಬ್ಬರಿನ ಮೇಲೆ ಗಂಟು ಕೂತಿದ್ದ ಜಾಗದಲ್ಲಿ ಕಡಲೆಕಾಯಿಯಷ್ಟು ದೊಡ್ಡ ಕುಳಿ ಬಿದ್ದಿತ್ತು.

"ಇದೇ ಸಂದಿ. ನಮ್ಮನೆ ಫ್ರಿಜ್ಜಲ್ಲೂ ಹಿಂಗೇ ಆಗಿತ್ತು. ಕರಿಬೇವಿನ ಕಡ್ಡಿ ಸಿಕ್ಕಾಕ್ಕೊಂಡು ಬಾಗ್ಲು ಕೂರ್ದೆ, ಬಿಸಿಗಾಳಿ ಒಳಗ್ ನುಗ್ಗಿ ಹಿಂದ್ಗಡೆ ಐಸ್ ಗೋಡೆ ಕಟ್ಟಿತ್ತು. ಆ ಗೋಡೆ ತಂಪನ್ನ ಈ ಕಡೆ ಬಿಡಲ್ಲ." ಹುರಿಯನ್ನು ಎತ್ತಿ ಹಿಡಿದರು. "ಅದ್ಸರಿ, ಇದು ಯಾರ್ ಕಣ್ಗೆ ಕಟ್ಟಿದ್ದು?"

ನಾನು ಕಿಟಕಿ ನೋಡಿದೆ. ಸೊಸೆ ನೆಲ ನೋಡಿದಳು. ಮೊಮ್ಮಗನ ಹೆಂಡತಿ ಮಾತ್ರ ಅಪ್ಪನ ಮಗಳು.

"ನಿಮ್ ಕಣ್ಗೇ ಅಪ್ಪಾ. ದಿನಾ ನಾನೇ ಕಟ್ತಿದ್ದೆ."

ಬೀಗರು ಹೊಟ್ಟೆ ಕುಲುಕುವ ಹಾಗೆ ನಗತೊಡಗಿದರು. "ಹೆತ್ ಮಗ್ಳೇ ಹಿಂಗಂದ್ರೆ ಊರೋರ್ ಏನಂದಾರು! ನನ್ ಕಣ್ಗೆ ಕಟ್ಟಿದ್ದು, ನಾನೇ ಇಟ್ಕೋತೀನಿ." ಹುರಿಯನ್ನು ಸುತ್ತಿ ಶರ್ಟಿನ ಜೇಬಿಗೆ ಹಾಕಿಕೊಂಡರು. ನಿಂಬೆಹಣ್ಣಿನಿಂದ ಜೇಬು ಉಬ್ಬಿತು. ಕಟ್ಟು ಎಂದು ಹೇಳಿದವಳು ನಾನೇ, ಅದರಲ್ಲಿ ತಪ್ಪೇನೂ ಈಗಲೂ ಕಾಣುವುದಿಲ್ಲ. ಜಾಗ ಸ್ವಲ್ಪ ಆಚೀಚೆ ಆಯಿತು, ಅಷ್ಟೇ.

ಆಮೇಲೆ ಇಬ್ಬರು ಬೀಗರೂ ಸೇರಿ ಹಜಾರವನ್ನು ವರ್ಕ್‌ಶಾಪು ಮಾಡಿದರು. ಒಳಗಿನ ಐಸು ಕರಗಬೇಕಿತ್ತು. ಚಾಕು ತಂದ ನನ್ನ ಮಗನ ಕೈಗೆ ಬೀಗರು ಹೊಡೆದರು: "ಒಳಗಿನ್ ಪೈಪ್ ತೂತಾದ್ರೆ ಶಿವಾಯ ನಮಃ!" ತಮ್ಮ ಮಗಳ ಕೂದಲು ಒಣಗಿಸುವ ಮಿಷನ್ನು ತರಿಸಿ, ಒಬ್ಬರು ಗಾಳಿ ಹಿಡಿದರೆ ಇನ್ನೊಬ್ಬರು ಬಟ್ಟೆಯಲ್ಲಿ ನೀರು ಹಿಂಡಿದರು. ಗಂಟಿನ ಕುಳಿಯನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಎಳೆದು ಸರಿಮಾಡಿದರು. ಪೀಪಾಯಿಯನ್ನು ಹಿತ್ತಲಿಗೆ ಹೊತ್ತೊಯ್ದು, ಮಕ್ಕಳ ಜ್ಯೂಸಿಗೆ ಐಸು ಹಾಕಿಟ್ಟಿದ್ದ ತೊಟ್ಟಿಯಲ್ಲಿ ಮುಳುಗಿಸಿದರು. ಐಸು ಬೇಡವೆಂದು ಮಗ ತಕರಾರು ಎತ್ತಿದ.

"ಲೋಟಕ್ ಹಾಕಿದ್ರೆ ತಾನೇ ಸೋಲು?" ಅಂದರು ಬೀಗರು. "ಹಿತ್ಲಲ್ ಏನ್ ನಡೀತು ಅಂತ ನಮ್ ಬಸ್ನೋರ್ಗ್ ಯಾಕ್ ಹೇಳ್ಬೇಕು? ಹಿಡೀರಿ, ಆ ಕಡೆ ಹಿಡೀರಿ."

ತನ್ನ ಜನಕ್ಕೇ ಮೋಸ ಮಾಡಲು ಅವರು ಅಷ್ಟು ಸಲೀಸಾಗಿ ಸೇರಿಕೊಂಡದ್ದು ನೋಡಿ ನನಗೆ ಅವರ ಮೇಲೆ ಸ್ವಲ್ಪ ಗೌರವ ಬಂತು.

ಬಸ್ಸಿನ ಗಂಡಸರೆಲ್ಲ ಪೆಟ್ಟಿಗೆಯ ಸುತ್ತ ಕೂತು ಸಲಹೆ ಕೊಡುತ್ತಿದ್ದರು. ಹಿತ್ತಲಿಂದ ಅಡುಗೆಯವನು ಎರಡು ಸಲ ಕೂಗಿದ, ಮುದ್ದೆ ಆರುತ್ತಿದೆ ಎಂದು. ನಮ್ಮಲ್ಲಿ ಬೀಗರೂಟದ ಮೊದಲ ಪಂಕ್ತಿ ಬೀಗರ ಕಡೆಯ ಗಂಡಸರದ್ದು. ಆಮೇಲೆ ನಮ್ಮ ಗಂಡಸರು. ಹೆಂಗಸರು ಕೂರುವ ಹೊತ್ತಿಗೆ ಸಾರಿನಲ್ಲಿ ಉಳಿಯುವುದು ಕತ್ತಿನ ತುಂಡು, ಈರುಳ್ಳಿ ಮತ್ತು ದೇವರ ದಯೆ. ಮಗನನ್ನು ಕರೆದೆ.

"ಬೀಗ್ರನ್ನ ಈಗ ಹೆಂಗಮ್ಮ ಎಬ್ಬಿಸ್ಲಿ? ನೀವೇ ಕೂತ್ಕೊಳಿ," ಅಂದ, ತಲೆಯನ್ನೂ ಎತ್ತದೆ.

ಎರಡನೇ ಸಲ ಕೇಳಲಿಲ್ಲ ನಾನು. ಬೀಗಿತ್ತಿಯ ಕೈ ಹಿಡಿದು ಎಳೆದುಕೊಂಡು ಹೋಗಿ ಎಲೆಯ ಮುಂದೆ ಕೂರಿಸಿ, ಪಕ್ಕದಲ್ಲಿ ನಾನು ಕೂತೆ. ಬಸ್ಸಿನ ಹೆಂಗಸರೆಲ್ಲ ಕೂತರು, ಸೊಸೆ ಕೂತಳು, ಮೊಮ್ಮಗನ ಹೆಂಡತಿಯೂ ಕೂತಳು. ಬಿಸಿಮುದ್ದೆಯಿಂದ ಹೊಗೆ ಏಳುತ್ತಿತ್ತು. ಕೋಳಿಯ ತೊಡೆ, ಕೈಮದ ಉಂಡೆ, ಮೂಳೆಯೊಳಗಿನ ಮಜ್ಜೆ, ಎಲ್ಲ ಕೇಳಿ ಕೇಳಿ ಹಾಕಿಸಿಕೊಂಡೆವು.

"ಮೊದಲ್ನೇ ಪಂಕ್ತೀಲಿ ಕೋಳಿಗ್ ಇಷ್ಟೊಂದ್ ಕಾಲಿರ್ತವಾ?" ಅಂದರು ಬೀಗಿತ್ತಿ.

"ನಂಗೂ ಇವತ್ತೇ ಗೊತ್ತಾಗಿದ್ದು," ಅಂದೆ.

ಆತುರವಿಲ್ಲದೆ ಉಂಡೆವು. ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು ಗೋಡೆಗೊರಗಿದೆವು. ಬಿಸಿಲು ಇಳಿಯುವ ಹೊತ್ತಿಗೆ ಹಜಾರದಲ್ಲಿ ಸದ್ದಡಗಿತು. ಬಾಗಿಲಿಂದ ಇಣುಕಿದೆ. ಪೀಪಾಯಿ ಮತ್ತೆ ಒಳಗೆ ಸೇರಿತ್ತು. ಮಗ ನಲ್ಲಿ ತಿರುಗಿಸಿದ. ಮೊದಲು ಒಂದಿಷ್ಟು ನೊರೆ, ಆಮೇಲೆ ಜೇನಿನ ಬಣ್ಣದ ಬೀರು ಸರಾಗವಾಗಿ ಇಳಿಯಿತು. ಲೋಟದ ಹೊರಮೈ ಬೆವರಿತು. ಬೀಗರು ಈಸಿಕೊಂಡು, ಕತ್ತೆತ್ತಿ, ಒಂದೇ ಉಸಿರಿಗೆ ಕುಡಿದರು. ಬಸ್ಸಿಗೆ ಬಸ್ಸೇ ಕಾಯುತ್ತಿತ್ತು. ಬೀಗರು ಏನೂ ಹೇಳಲಿಲ್ಲ. ತುಟಿ ಒರೆಸಿಕೊಂಡು ಖಾಲಿ ಲೋಟವನ್ನು ಮತ್ತೆ ಮುಂದೆ ಹಿಡಿದರು.

ಮಗ ನಲ್ಲಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ನನ್ನ ಹತ್ತಿರ ಓಡಿಬಂದ. ಶರ್ಟೆಲ್ಲ ಒದ್ದೆ, ಕಣ್ಣು ತುಂಬಿಕೊಂಡಿತ್ತು.

"ಅಮ್ಮಾ, ಏನೂ ಅನ್ಲಿಲ್ಲ ಕಣಮ್ಮ! ಒಂದ್ ಮಾತೂ ಅನ್ಲಿಲ್ಲ!"

"ನೋಡ್ದೆ. ಹೋಗಿ ನಿಮ್ ಬೀಗ್ರನ್ನ ಊಟಕ್ ಎಬ್ಬಿಸು. ಮುದ್ದೆ ಕಲ್ಲಾಗೈತೆ, ಸಾರಲ್ಲಿ ಕತ್ತಿನ ತುಂಡು ಐತೆ."